ಹತ್ತು ವರ್ಷ ಸರ್ವಿಸ್ ಇದ್ದರೆ ಸಾಕಾ?

ಕ್ಯಾಶುವಾಲ್ಟಿ ಬಾಗಿಲ ಹತ್ತಿರದ ಟ್ರಯಾಜ್ ಟೇಬಲ್‌ಗೆ, ಅಂದರೆ ಬಂದ ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ವಿಂಗಡಿಸುವ ಜಾಗಕ್ಕೆ, ಯಾವ ನರ್ಸ್ ಅನ್ನು ಹಾಕಬೇಕು ಅನ್ನುವ ಪ್ರಶ್ನೆ ಬಂದಾಗಲೆಲ್ಲ ಉತ್ತರ ಒಂದೇ. ‘ಸೀನಿಯರ್ ಯಾರಿದ್ದಾರೆ ನೋಡಿ, ಅವರನ್ನ ಹಾಕಿ.’ ಕೇಳೋಕೆ ಸರಿಯಾಗೇ ಇದೆ, ಯಾರೂ ವಾದ ಮಾಡಲ್ಲ. ನನಗೆ ಮಾತ್ರ ಇದರ ಬಗ್ಗೆ ಒಂದು ತಕರಾರಿದೆ. ಸೀನಿಯರ್ ಬೇಡ ಅನ್ನುವ ತಕರಾರಲ್ಲ. ಸರ್ವಿಸ್ ಎಷ್ಟು ವರ್ಷ ಅಂತ ಕೇಳುತ್ತೇವೆ, ಆ ವರ್ಷಗಳಲ್ಲಿ ಅವರಿಗೆ ಏನು ಗೊತ್ತಾಯಿತು ಅಂತ ಮಾತ್ರ ಯಾರೂ ಕೇಳಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ರೋಗಿ ಒಳಗೆ ಬಂದ ತಕ್ಷಣ ಡಾಕ್ಟರ್‌ಗಿಂತ ಮುಂಚೆ ಒಬ್ಬ ನರ್ಸ್ ನೋಡುತ್ತಾರೆ. ಎರಡು ಮೂರು ನಿಮಿಷ ಸಿಗುತ್ತದೆ, ಅಷ್ಟೇ. ಅಷ್ಟರಲ್ಲಿ ಏನಾಯ್ತು ಅಂತ ಕೇಳಬೇಕು, ಬಿಪಿ, ನಾಡಿ, ಉಸಿರು, ಸ್ಯಾಚುರೇಷನ್ (ರಕ್ತದಲ್ಲಿರುವ ಆಕ್ಸಿಜನ್ ಮಟ್ಟ) ನೋಡಬೇಕು, ಆಮೇಲೆ ಇವರು ಈಗಲೇ ಒಳಗೆ ಹೋಗಬೇಕಾ, ಸ್ವಲ್ಪ ಕಾಯಬಹುದಾ, ಅಥವಾ ಎರಡು ಗಂಟೆ ಕೂತರೂ ತೊಂದರೆ ಇಲ್ವಾ ಅಂತ ತೀರ್ಮಾನ ಮಾಡಬೇಕು. ಮೊದಲು ಬಂದವರಿಗೆ ಮೊದಲು ಅನ್ನುವ ನ್ಯಾಯ ಇಲ್ಲಿ ನಡೆಯಲ್ಲ. ಅದಕ್ಕೇ ಆ ಟೇಬಲ್ ಮುಂದೆ ದಿನಾ ಜಗಳ. ‘ನಾವು ಬಂದು ಒಂದು ಗಂಟೆ ಆಯ್ತು, ಆಮೇಲೆ ಬಂದವರನ್ನ ಹೆಂಗೆ ಕರ್ಕೊಂಡ್ರಿ ಸಿಸ್ಟರ್?’ ಕೇಳುವವರ ತಪ್ಪೂ ಇಲ್ಲ. ಅವರಿಗೆ ಕಾಣುವುದು ಅವರ ನೋವು.

ಇದಕ್ಕೆಲ್ಲ ನಿಯಮಗಳಿವೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು ಬಣ್ಣ. ಕೆಂಪಿಗೆ ತಕ್ಷಣ, ಕಿತ್ತಳೆಗೆ 10 ನಿಮಿಷ, ಹಳದಿಗೆ 60, ಹಸಿರಿಗೆ 120, ನೀಲಿಗೆ 240. ಅಮೆರಿಕದವರು 1990ರ ದಶಕದ ಕೊನೆಯಲ್ಲಿ ಎಮರ್ಜೆನ್ಸಿ ಸಿವಿಯಾರಿಟಿ ಇಂಡೆಕ್ಸ್, ಅಂದರೆ ಇಎಸ್‌ಐ ಅಂತ ಮಾಡಿಕೊಂಡರು, ಅದರಲ್ಲೂ ಐದು ಹಂತ. ಡಾಕ್ಟರ್‌ಗಳು ಕಡಿಮೆ ಇರುವ ಕಡೆ ಕೆಲಸಕ್ಕೆ ಬರಲಿ ಅಂತ ದಕ್ಷಿಣ ಆಫ್ರಿಕಾದವರು ತಮ್ಮದೇ ಒಂದನ್ನು ಕಟ್ಟಿಕೊಂಡರು. ನಾಡಿ, ಉಸಿರು, ಜ್ವರ ಇವಕ್ಕೆಲ್ಲ ಅಂಕ ಕೊಟ್ಟು ಕೂಡಿಸುವುದು. ನಮ್ಮ ದೆಹಲಿಯ ಏಮ್ಸ್‌ನವರದ್ದು ಮೂರೇ ಬಣ್ಣ: ಕೆಂಪು, ಹಳದಿ, ಹಸಿರು. ಭಾರತದಲ್ಲಿ ತುರ್ತು ಚಿಕಿತ್ಸೆ ಅನ್ನುವುದು ಒಂದು ಪ್ರತ್ಯೇಕ ವೈದ್ಯಕೀಯ ವಿಭಾಗ ಅಂತ ಒಪ್ಪಿಗೆ ಪಡೆದಿದ್ದೇ 2009ರಲ್ಲಿ. ಹಾಗಾಗಿ ಇನ್ನೂ ಎಷ್ಟೋ ಕಡೆ ಗೋಡೆ ಮೇಲೆ ಬಣ್ಣದ ಚಾರ್ಟ್ ಇರುತ್ತದೆ, ಕೆಳಗೆ ಕೂತವರು ಅಂದಾಜಿನಲ್ಲೇ ಕೆಲಸ ನಡೆಸುತ್ತಿರುತ್ತಾರೆ. ಇನ್ನೂ ಕೆಲವು ಕಡೆ ಮೊದಲ ತೀರ್ಮಾನ ಮಾಡುವುದು ಬಾಗಿಲ ಸೆಕ್ಯೂರಿಟಿ ಅಣ್ಣ, ಯಾರಿಗೆ ಟ್ರಾಲಿ ಕೊಡಬೇಕು, ಯಾರನ್ನು ನಡೆಸಬೇಕು ಅಂತ. ಇರಲಿ, ಅದು ಬೇರೆ ಕಥೆ.

ನಿಯಮ ಇದ್ದ ಮೇಲೆ ಅನುಭವ ಯಾಕೆ ಬೇಕು? ಯಾಕೆಂದರೆ ನಿಯಮಕ್ಕೆ ಏನು ಹೇಳಬೇಕು ಅಂತ ರೋಗಿಗೆ ಗೊತ್ತಿರಲ್ಲ, ಕೆಲವೊಮ್ಮೆ ಗೊತ್ತಿದ್ದೂ ಹೇಳಲ್ಲ.

‘ಗ್ಯಾಸ್ಟ್ರಿಕ್’ ತಗೊಳ್ಳಿ. ನಮ್ಮಲ್ಲಿ ಎದೆಯಿಂದ ಹೊಕ್ಕುಳವರೆಗೆ ಏನಾದರೂ ಗ್ಯಾಸ್ಟ್ರಿಕ್ಕೇ. ಐವತ್ತು ದಾಟಿದ ಒಬ್ಬ ಅಮ್ಮ ಬಂದು, ಸಿಸ್ಟರ್, ಬೆಳಿಗ್ಗೆಯಿಂದ ಗ್ಯಾಸ್ಟ್ರಿಕ್ ಜಾಸ್ತಿ ಆಗಿದೆ, ಒಂದು ಇಂಜೆಕ್ಷನ್ ಹಾಕಿಬಿಡಿ, ಮನೆಗೆ ಹೋಗ್ತೀನಿ ಅನ್ನುತ್ತಾರೆ. ಎದೆನೋವು ಅನ್ನುವ ಮಾತೇ ಅವರ ಬಾಯಲ್ಲಿ ಬರಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ ಹೃದಯಾಘಾತ ಎದೆ ಹಿಡಿದುಕೊಂಡೇ ಬರಬೇಕು ಅಂತೇನಿಲ್ಲ. ಸುಸ್ತು, ಬೆವರು, ವಾಂತಿ ಬಂದಂತಾಗುವುದು, ದವಡೆ ಹಿಡಿದಂತಾಗುವುದು, ಹೊಟ್ಟೆ ಮೇಲ್ಭಾಗದಲ್ಲಿ ಉರಿ, ಹೀಗೆ ಹೇಗೆ ಬೇಕಾದರೂ ಬರಬಹುದು. ಹೊಸಬರು ‘ಹೊಟ್ಟೆ ಉರಿ’ ಅಂತ ಬರೆದುಕೊಂಡು ಹಸಿರಿಗೆ ಹಾಕುತ್ತಾರೆ. ಹಳಬರು ಮಾತಾಡುತ್ತಲೇ ಅವರ ಕೈ ಹಿಡಿದು ನೋಡುತ್ತಾರೆ. ಫ್ಯಾನ್ ಕೆಳಗೆ ಕೂತಿದ್ದರೂ ಕೈ ತಣ್ಣಗೆ, ಹಣೆ ಒದ್ದೆ ಇದ್ದರೆ ಮುಂದಿನ ಪ್ರಶ್ನೆ ಕೇಳುವ ಮೊದಲೇ ಇಸಿಜಿ ಮಿಷನ್ ಎಳೆಯುತ್ತಾರೆ. ಬಂದ 10 ನಿಮಿಷದಲ್ಲಿ ಇಸಿಜಿ ಆಗಬೇಕು ಅನ್ನುವುದು ಎಲ್ಲ ಕಡೆ ಇರುವ ನಿಯಮ. ಆದರೆ ಯಾರಿಗೆ ಮಾಡಬೇಕು ಅಂತ ಹೊಳೆದರೆ ತಾನೇ?

ನಾನು ಕೆಲಸ ಶುರು ಮಾಡಿದ್ದು ಉತ್ತರ ಕರ್ನಾಟಕದ ಕಡೆಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ. ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆ. ಅಲ್ಲಿ ಹುಡುಗನೊಬ್ಬನನ್ನು ಎತ್ತಿಕೊಂಡು ಬಂದು, ‘ರಾತ್ರಿಯಿಂದ ವಾಂತಿ ಭೇದಿ ಹತ್ತೈತ್ರೀ ಸಿಸ್ಟರ್’ ಅಂತಾರೆ. ಊಟ ಹೆಚ್ಚುಕಮ್ಮಿ ಆಗಿರಬೇಕು, ಡ್ರಿಪ್ ಹಾಕಿದರೆ ಸರಿಹೋಗುತ್ತದೆ ಅನ್ನಿಸುವ ಕೇಸು. ನಮ್ಮ ಇನ್‌ಚಾರ್ಜ್ ಸಿಸ್ಟರ್ ಒಬ್ಬರಿದ್ದರು. ಟ್ರಾಲಿ ಪಕ್ಕದಲ್ಲಿ ಹಾದು ಹೋದರೆ ಸಾಕು, ನಿಂತುಬಿಡುತ್ತಿದ್ದರು. ಮೂಗಿಗೆ ಬಡಿಯುವ ಆ ವಾಸನೆ, ಬಾಯಿಂದ ಸುರಿಯುವ ಜೊಲ್ಲು, ಟಾರ್ಚ್ ಬಿಟ್ಟರೆ ಸೂಜಿ ಮೊನೆಯಷ್ಟಿರುವ ಕಣ್ಣಿನ ಪಾಪೆ. ಹುಡುಗನ ತಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ‘ಯವ್ವಾ, ಖರೇ ಹೇಳು, ಹೊಲಕ್ಕ ಹೊಡಿಯೋ ಎಣ್ಣಿ ಏನರ ಕುಡದಾನೇನು?’ ಅಂತ ಕೇಳುತ್ತಿದ್ದರು. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಆಗುತ್ತದೆ, ಪೊಲೀಸರು ಬರುತ್ತಾರೆ, ಊರಲ್ಲಿ ಮರ್ಯಾದೆ ಹೋಗುತ್ತದೆ ಅನ್ನುವ ಭಯಕ್ಕೆ ಮನೆಯವರು ಮುಚ್ಚಿಡುತ್ತಾರೆ. ಅಷ್ಟು ಹೊತ್ತಿಗೆ ಆ ಕೀಟನಾಶಕದ ವಿಷಕ್ಕೆ ಕೊಡುವ ಔಷಧಿ ಅಟ್ರೋಪಿನ್ ಶುರುವಾಗಿರಬೇಕು. ಯಾವ ಚಾರ್ಟ್‌ನಲ್ಲೂ ‘ತಾಯಿಯನ್ನು ಪಕ್ಕಕ್ಕೆ ಕರೆಯಿರಿ’ ಅನ್ನುವ ಸಾಲು ನಾನು ನೋಡಿಲ್ಲ.

ಅದೇ ಆಸ್ಪತ್ರೆಯಲ್ಲಿ ಕಲಿತ ಇನ್ನೊಂದು ವಿಷಯ ಕಟ್ಟುಹಾವು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚಿ ಹೋಗುತ್ತದೆ. ಎಷ್ಟೋ ಸಲ ನೋವೂ ಇರಲ್ಲ, ಗಾಯದ ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದು ಬರುತ್ತಾರೆ. ಬಿಪಿ ಸರಿ, ನಾಡಿ ಸರಿ, ಸ್ಯಾಚುರೇಷನ್ ಸರಿ. ಅಂಕ ಕೂಡಿಸಿದರೆ ಬರುವುದು ಹಸಿರೇ. ಹಿಂದೆ ಅಂಥದ್ದನ್ನು ನೋಡಿದವರು ಮಾತ್ರ, ‘ಅಣ್ಣಾ, ಮೇಲೆ ನೋಡು’ ಅಂತಾರೆ. ರೆಪ್ಪೆ ಪೂರ್ತಿ ಏಳಲ್ಲ. ಸುಮ್ನೆ ನಿದ್ದೆಗಣ್ಣು ಅನ್ನಿಸುವ ಹಾಗಿರುತ್ತದೆ. ಆದರೆ ಇನ್ನು ಸ್ವಲ್ಪ ಹೊತ್ತಿಗೆ ಉಸಿರಾಡುವ ಸ್ನಾಯುಗಳೇ ಕೈಕೊಡಬಹುದು, ವೆಂಟಿಲೇಟರ್ ಬೇಕಾಗಬಹುದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಒಳ್ಳೆಯ ಕೆಲಸ. ಆದರೆ ವರದಿ ಮಾಡಬೇಕಾದರೆ ಮೊದಲು ಅದು ಹಾವು ಕಡಿತ ಅಂತ ಗೊತ್ತಾಗಬೇಕಲ್ಲ.

ಡೆಂಗಿಯೂ ಹಾಗೇ, ಇನ್ನೂ ಮೋಸದ್ದು. ನಾಲ್ಕು ದಿನ ಜ್ವರ ಇದ್ದ ಮಗುವನ್ನು ಐದನೇ ದಿನ ಕರೆತರುತ್ತಾರೆ, ಜ್ವರ ಇಳಿದಿದೆ, ಆದರೆ ಯಾಕೋ ಮಂಕಾಗಿದೆ ಅಂತ. ಜ್ವರ ಇಳಿಯುವ ಹೊತ್ತೇ ಅದರಲ್ಲಿ ಅಪಾಯದ ಹೊತ್ತು. ಬಿಪಿ 100/80 ಅಂತ ಬರುತ್ತದೆ. ಮಾನಿಟರ್ ಕೂಗಲ್ಲ, ಮೇಲಿನ ಅಂಕಿ ಚೆನ್ನಾಗೇ ಇದೆ. ಆದರೆ ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅಂತರ ಬರೀ 20, ಪಾದ ತಣ್ಣಗಿದೆ, ಹೊಟ್ಟೆ ಮುಟ್ಟಿದರೆ ಅಳುತ್ತದೆ. ಇದು ಶಾಕ್, ಅಂದರೆ ಮೈಗೆ ಬೇಕಾದಷ್ಟು ರಕ್ತ ಹರಿಯುತ್ತಿಲ್ಲ. ಜೂನ್, ಜುಲೈನಲ್ಲಿ ಜ್ವರದ ಮಕ್ಕಳು ಸಾಲುಗಟ್ಟಿ ನಿಂತಾಗ ಥರ್ಮಾಮೀಟರ್ ನೋಡಿ ವಿಂಗಡಿಸುವವರಿಗೆ ಈ ಮಗುವೇ ಎಲ್ಲರಿಗಿಂತ ಚೆನ್ನಾಗಿರುವಂತೆ ಕಾಣುತ್ತದೆ.

ಇಲ್ಲಿವರೆಗೆ ಹೇಳಿದ್ದೆಲ್ಲ ಸೀನಿಯರ್‌ಗಳ ಪರವಾಗೇ ಆಯ್ತು ಅಲ್ವಾ? ಸ್ವಲ್ಪ ತಡೆಯಿರಿ.

1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬೆತ್ ಕ್ರಾಂಡಲ್ ಅನ್ನುವ ಸಂಶೋಧಕಿ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಐಸಿಯುನಲ್ಲಿ ಕೆಲಸ ಮಾಡುವ ನರ್ಸ್‌ಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ರಕ್ತ ಪರೀಕ್ಷೆಯ ವರದಿ ಬರುವ ಮೊದಲೇ ಈ ಮಗುವಿಗೆ ನಂಜಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಂತ. ಅವರು ಮೊದಲು ಹೇಳಿದ್ದು, ಹಾಗೇ ಗೊತ್ತಾಗುತ್ತೆ ಅಂತ. ಬಿಡದೆ ಒಂದೊಂದೇ ಕೇಸ್ ಹಿಡಿದು ಕೆದಕಿದಾಗ ಚರ್ಮದ ಬಣ್ಣ, ಮಂಕುತನ, ಹಾಲು ಕುಡಿಯುವುದರಲ್ಲಿ ಬದಲಾವಣೆ, ಹೀಗೆ ಒಂದು ಪಟ್ಟಿಯೇ ಸಿಕ್ಕಿತು. ಅದರಲ್ಲಿ ಕೆಲವು ಆಗಿನ ವೈದ್ಯಕೀಯ ಬರಹಗಳಲ್ಲೇ ಇರಲಿಲ್ಲ. ನಮ್ಮಲ್ಲಿ ‘ಸಿಸ್ಟರ್‌ಗೆ ಕೈಗುಣ ಇದೆ’ ಅಂತ ಹೇಳಿ ಮುಗಿಸುವ ವಿಷಯವನ್ನು ಅವರು ಹೀಗೆ ಬಿಡಿಸಿ ನೋಡಿದರು.

ಆ ನರ್ಸ್‌ಗಳಿಗೆ ಅದು ಬಂದಿದ್ದು ಹೇಗೆ? ಅವರು ಅದೇ ಮಗುವಿನ ಪಕ್ಕದಲ್ಲಿ ದಿನಗಟ್ಟಲೆ ಇರುತ್ತಾರೆ. ಬೆಳಿಗ್ಗೆ ಅನುಮಾನ ಬಂದರೆ ಮಾರನೇ ದಿನ ವರದಿ ಕೈಗೆ ಬರುತ್ತದೆ. ಸರಿಯೋ ತಪ್ಪೋ ಗೊತ್ತಾಗುತ್ತದೆ. ಇದೇ ವಿಷಯದ ಮೇಲೆ ಮನಶ್ಶಾಸ್ತ್ರಜ್ಞರಾದ ಗ್ಯಾರಿ ಕ್ಲೈನ್ ಮತ್ತು ಡೇನಿಯಲ್ ಕಾನೆಮನ್ 2009ರಲ್ಲಿ ಸೇರಿ ಒಂದು ಲೇಖನ ಬರೆದರು. ಇಬ್ಬರದ್ದೂ ಎದುರುಬದುರು ಪಕ್ಷ. ಕ್ಲೈನ್‌ಗೆ ಅನುಭವಿಗಳ ಅಂದಾಜಿನ ಮೇಲೆ ನಂಬಿಕೆ, ಕಾನೆಮನ್‌ಗೆ ಅನುಮಾನ. ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು: ಅಂದಾಜು ನಂಬಿಕೆಗೆ ಯೋಗ್ಯ ಆಗಬೇಕಾದರೆ ಎರಡು ಬೇಕು. ನೀವು ನೋಡುತ್ತಿರುವ ಜಗತ್ತಿನಲ್ಲಿ ಒಂದು ಕ್ರಮ ಇರಬೇಕು, ನಿಮ್ಮ ಅಂದಾಜು ಏನಾಯ್ತು ಅಂತ ನಿಮಗೆ ತಿರುಗಿ ತಿಳಿಯುತ್ತಿರಬೇಕು. ಬರೀ ವರ್ಷ ಕಳೆದರೆ ಹೆಚ್ಚುವುದು ಧೈರ್ಯ ಮಾತ್ರ.

ಈಗ ಟ್ರಯಾಜ್ ಟೇಬಲ್ ನೋಡಿ. ರೋಗಿ ಬರುತ್ತಾರೆ, ಬಣ್ಣ ಕೊಡುತ್ತೇವೆ, ಒಳಗೆ ಹೋಗುತ್ತಾರೆ. ಅಲ್ಲಿಗೆ ನಮ್ಮ ಸಂಬಂಧ ಮುಗಿಯಿತು. ನಾನು ಹಳದಿ ಕೊಟ್ಟ ಅಜ್ಜ ಐಸಿಯುಗೆ ಹೋದರಾ, ಗುಳಿಗೆ ತಗೊಂಡು ಮನೆಗೆ ಹೋದರಾ, ಬೇರೆ ಆಸ್ಪತ್ರೆಗೆ ರೆಫರ್ ಆದರಾ, ಯಾರೂ ಬಂದು ಹೇಳಲ್ಲ. ಶಿಫ್ಟ್ ಮುಗಿದರೆ ಹ್ಯಾಂಡೋವರ್ ಕೊಟ್ಟು ಬಸ್ ಹಿಡಿಯುವುದು. ತಿರುಗಿ ಬರುವುದು ಒಂದೇ ರೀತಿಯ ಸುದ್ದಿ, ದೊಡ್ಡ ಎಡವಟ್ಟಾದಾಗ. ಆಗ ಮೆಮೋ ಬರುತ್ತದೆ. ಸಣ್ಣ ತಪ್ಪುಗಳು, ಯಾರಿಗೂ ಪ್ರಾಣಕ್ಕೆ ಕುತ್ತು ಬಾರದೆ ಜಾರಿಹೋದವು, ಮತ್ತೆ ಮತ್ತೆ ಅದೇ ರೀತಿ ಆಗುತ್ತಲೇ ಇರುತ್ತವೆ. ಹತ್ತು ವರ್ಷ ಆ ಟೇಬಲ್‌ನಲ್ಲಿ ಕೂತರೂ, ಪರೀಕ್ಷೆ ಬರೆದು ರಿಸಲ್ಟ್ ನೋಡದೇ ಮುಂದಿನ ಪರೀಕ್ಷೆಗೆ ಕೂತ ಹಾಗೆ.

ಜೂಲಿ ಕನ್ಸಿಡೈನ್ ಅನ್ನುವ ಆಸ್ಟ್ರೇಲಿಯಾದ ತುರ್ತು ವಿಭಾಗದ ನರ್ಸ್-ಸಂಶೋಧಕಿ ಮತ್ತು ಜೊತೆಗಾರರು ಟ್ರಯಾಜ್ ತೀರ್ಮಾನದಲ್ಲಿ ತಿಳಿವಳಿಕೆಯ ಪಾಲೆಷ್ಟು, ಅನುಭವದ ಪಾಲೆಷ್ಟು ಅಂತ ಅಲ್ಲಿವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಬರೆದರು. ಸರ್ವಿಸ್ ವರ್ಷಗಳಿಗಿಂತ ವಿಷಯದ ತಿಳಿವಳಿಕೆಯೇ ಹೆಚ್ಚು ಮುಖ್ಯ ಅನ್ನುವಂತೆ ಅವರಿಗೆ ಕಂಡಿತು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ ಸೀನಿಯರ್‌ಗಳಿಗೆ ಕೋಪ ಬರುತ್ತದೆ, ಜೂನಿಯರ್‌ಗಳಿಗೆ ಖುಷಿಯಾಗುತ್ತದೆ. ಎರಡೂ ಬೇಕಿಲ್ಲ. ಅನುಭವಕ್ಕೆ ಬೆಲೆ ಇಲ್ಲ ಅಂತ ಅದರ ಅರ್ಥ ಅಲ್ಲ. ವರ್ಷ ಎಣಿಸಿದರೆ ಅನುಭವ ಅಳೆದ ಹಾಗೆ ಆಗಲ್ಲ, ನನಗೆ ಕಾಣುವುದು ಅಷ್ಟು.

ಎಲ್ಲ ಸೌಲಭ್ಯ ಇರುವ ಕಡೆಯೂ ಇದು ಸುಲಭ ಇಲ್ಲ. ಉತ್ತರ ಕ್ಯಾಲಿಫೋರ್ನಿಯಾದ 21 ತುರ್ತು ವಿಭಾಗಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಭೇಟಿಗಳನ್ನು ತೆಗೆದು ನೋಡಿದ ಅಧ್ಯಯನವೊಂದು 2023ರಲ್ಲಿ ಬಂತು. ಇಎಸ್‌ಐ ಬಳಸಿದರೂ ಸುಮಾರು ಮೂರರಲ್ಲಿ ಒಬ್ಬರಿಗೆ ಕೊಟ್ಟ ಹಂತ ತಪ್ಪಾಗಿತ್ತು. ಬಹುಪಾಲು ತಪ್ಪು ಇರುವುದಕ್ಕಿಂತ ಜಾಸ್ತಿ ಗಂಭೀರ ಅಂತ ಎಣಿಸಿದ್ದು. ಕಡಿಮೆ ಎಣಿಸಿದ್ದು ಶೇ. 3.3. ಕೇಳಲು ಸಣ್ಣ ಸಂಖ್ಯೆ, ಆದರೆ ಭಯ ಹುಟ್ಟಿಸುವುದು ಈ ಸಣ್ಣ ಸಂಖ್ಯೆಯೇ. ಇದು ನರ್ಸ್‌ಗಳ ಸರ್ವಿಸ್ ಅಳೆದ ಅಧ್ಯಯನ ಅಲ್ಲ, ಆದರೆ ಒಂದಂತೂ ಹೇಳುತ್ತದೆ: ಹೀಗೆ ಹಿಂತಿರುಗಿ ಲೆಕ್ಕ ಹಾಕುವವರೆಗೂ ಟೇಬಲ್‌ನಲ್ಲಿ ಕೂತವರಿಗೆ ತಾವು ಎಲ್ಲಿ ಎಡವುತ್ತಿದ್ದೇವೆ ಅಂತ ಕಾಣಲ್ಲ.

ಅತಿ ಅನುಭವದ್ದೂ ಒಂದು ಕಾಯಿಲೆ ಇದೆ. ಹದಿನೆಂಟು ಹತ್ತೊಂಬತ್ತರ ಹುಡುಗಿ, ಜೋರಾಗಿ ಉಸಿರಾಡುತ್ತಾ, ತಾಯಿ ಹೆಗಲ ಮೇಲೆ ಒರಗಿಕೊಂಡು ಬರುತ್ತಾಳೆ. ‘ಮನೇಲಿ ಏನಾದ್ರೂ ಜಗಳ ಆಯ್ತಾ? ಎಕ್ಸಾಮ್ ಇದೆಯಾ?’ ಅಂತ ಕೇಳಿ, ಹಿಸ್ಟೀರಿಯಾ, ಸ್ವಲ್ಪ ಹೊತ್ತು ಕೂರಿಸಿ ಅಂತಾರೆ. ಹೇಳುವವರು ಜೂನಿಯರ್ ಅಲ್ಲ, ಅಂಥ ನೂರಾರು ಹುಡುಗಿಯರನ್ನು ನೋಡಿ ಮನೆಗೆ ಕಳಿಸಿದವರು. ಜೂನಿಯರ್‌ಗೆ ಅಷ್ಟು ಧೈರ್ಯ ಇಲ್ಲದ್ದರಿಂದಲೇ ಪುಸ್ತಕದಲ್ಲಿದ್ದಂತೆ ಬೆರಳು ಚುಚ್ಚಿ ಜಿಆರ್‌ಬಿಎಸ್, ಅಂದರೆ ರಕ್ತದ ಸಕ್ಕರೆ ನೋಡುತ್ತಾಳೆ. ಮಿಷನ್ ಅಂಕಿ ತೋರಿಸುವ ಬದಲು ‘ಹೈ’ ಅನ್ನುತ್ತದೆ. ಸಕ್ಕರೆ ಏರಿ, ರಕ್ತ ಆಮ್ಲವಾಗಿ, ಅದನ್ನು ಸರಿಮಾಡಲು ಶ್ವಾಸಕೋಶ ಹೆಣಗಾಡುತ್ತಿರುವ ಉಸಿರು ಅದು. ಕುಡಿದು ಬೀಳುವವರ ಕಥೆಯೂ ಅಷ್ಟೇ. ವಾರಕ್ಕೊಮ್ಮೆ ಬರುವ ಮುಖ, ಹೆಸರು ಕೂಡ ಗೊತ್ತು, ‘ಬಂದ್ನಾ ಮತ್ತೆ’ ಅಂತ ಮೂಲೆಯ ಬೆಂಚಿಗೆ. ಈ ಸಲ ಬಿದ್ದಾಗ ತಲೆಯೊಳಗೆ ರಕ್ತ ಸೋರಿದೆಯಾ ಅಂತ ನೋಡುವುದು, ಅವನನ್ನು ಮೊದಲ ಸಲ ನೋಡುತ್ತಿರುವ ಹೊಸ ನರ್ಸ್.

ಕೋವಿಡ್ ಇದನ್ನು ಇನ್ನೂ ಚೆನ್ನಾಗಿ ತೋರಿಸಿತು. ಸ್ಯಾಚುರೇಷನ್ 75 ಇರುವವರು ಏದುಸಿರು ಬಿಡಬೇಕು, ಬೆವರಬೇಕು, ಮಾತು ತುಂಡಾಗಬೇಕು, ನಮ್ಮ ಕಣ್ಣಿಗೆ ಕಲಿಸಿದ್ದು ಅದು. 2020ರಲ್ಲಿ ಅಂಥವರು ಆರಾಮಾಗಿ ಫೋನಲ್ಲಿ ಮಾತಾಡುತ್ತಾ ನಡೆದು ಬಂದರು. ಮುಖ ನೋಡಿ ತೀರ್ಮಾನ ಮಾಡುವವರ ಕಣ್ಣು ಅಲ್ಲಿ ಉಪಯೋಗಕ್ಕೆ ಬರಲಿಲ್ಲ, ಬೆರಳಿಗೆ ಹಾಕುವ ಆ ಸಣ್ಣ ಕ್ಲಿಪ್ಪೇ ಗತಿ.

ಅದರ ನಡುವೆ ಜನರ ಭಯ ಬೇರೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ, 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಬಂದ ಮೇಲೆ, ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ಹಾಗೆ ಬರುವವರಲ್ಲಿ ಹೆಚ್ಚಿನವರಿಗೆ ಏನೂ ಇರಲ್ಲ. ನಡುವೆ ಒಬ್ಬರಿಗೆ ಇರುತ್ತದೆ. ಎಲ್ಲರನ್ನೂ ಕೆಂಪು ಮಾಡಿದರೆ ಕೆಂಪಿಗೆ ಅರ್ಥ ಇಲ್ಲ, ಎಲ್ಲರಿಗೂ ‘ಟಿವಿ ನೋಡಿ ಹೆದರಿಕೊಂಡಿದ್ದಾರೆ’ ಅಂದರೆ ಆ ಒಬ್ಬರು ಹೋಗುತ್ತಾರೆ. ಈ ಜನಸಂದಣಿಯಲ್ಲಿ ತಲೆ ತಣ್ಣಗಿಟ್ಟುಕೊಳ್ಳುವುದು ಮಾತ್ರ ಸರ್ವಿಸ್ ಕೊಡುವ ನಿಜವಾದ ಆಸ್ತಿ, ಅದನ್ನು ನಾನು ಒಪ್ಪುತ್ತೇನೆ.

ಇನ್ನೊಂದು ಆಸ್ತಿಯೂ ಇದೆ, ಅದರ ಬಗ್ಗೆ ಯಾರೂ ಬರೆಯಲ್ಲ. ಸೀನಿಯರ್ ಸಿಸ್ಟರ್ ಫೋನ್ ಎತ್ತಿ, ‘ಸಾರ್, ಈಗಲೇ ಬನ್ನಿ’ ಅಂದರೆ ಡಾಕ್ಟರ್ ಬರುತ್ತಾರೆ. ಕಾರಣ ಕೇಳಲ್ಲ. ಜೂನಿಯರ್ ಅದೇ ಮಾತು ಹೇಳಿದರೆ, ‘ಬಿಪಿ ಎಷ್ಟಿದೆ? ಸ್ಯಾಚುರೇಷನ್ ಎಷ್ಟಿದೆ? ಸರಿ ಇದೆ ತಾನೇ? ನೋಡ್ತಿರಿ.’ ಅವಳಿಗೂ ಕಂಡಿತ್ತು. ಆ ಅಜ್ಜನ ಮುಖದ ಬಣ್ಣ ಅವಳೂ ನೋಡಿದ್ದಳು. ಆದರೆ ‘ಯಾಕೋ ಸರಿ ಅನ್ನಿಸ್ತಿಲ್ಲ ಸಾರ್’ ಅನ್ನುವ ವಾಕ್ಯ ಅವಳ ಬಾಯಿಂದ ಬಂದರೆ ಭಯ, ಸೀನಿಯರ್ ಬಾಯಿಂದ ಬಂದರೆ ಅನುಭವ. ಎಂಎಲ್‌ಎ ಪಿಎ ಫೋನ್ ಮಾಡಿ ‘ನಮ್ಮವರು, ಸ್ವಲ್ಪ ಬೇಗ ನೋಡಿ’ ಅಂದಾಗ ಇಲ್ಲ ಅನ್ನುವುದಕ್ಕೂ ಇಪ್ಪತ್ತು ವರ್ಷದ ಸರ್ವಿಸ್ ಬೇಕು, ಕಾಲು ಮುರಿದುಕೊಂಡ ಆ ‘ನಮ್ಮವರು’ ಕೂತು ಕಾಯಬಹುದು ಅಂತ ಮೊದಲ ವರ್ಷದವಳಿಗೂ ಗೊತ್ತಿರುತ್ತದೆ. ಹಾಗಾಗಿ ಸೀನಿಯರ್‌ಗಳ ತೀರ್ಮಾನ ಸರಿಯಾಗಿ ಬಂದಾಗ ಅದರಲ್ಲಿ ಅವರ ಕಣ್ಣಿನ ಪಾಲೆಷ್ಟು, ಅವರ ಮಾತಿಗಿರುವ ತೂಕದ ಪಾಲೆಷ್ಟು ಅಂತ ನನಗೆ ಯಾವಾಗಲೂ ಅನುಮಾನ. ಎರಡನೆಯದನ್ನು ಯಾವ ಆಸ್ಪತ್ರೆ ಬೇಕಾದರೂ ನಾಳೆಯಿಂದಲೇ ಜೂನಿಯರ್‌ಗೆ ಕೊಡಬಹುದು. ಟ್ರಯಾಜ್ ನರ್ಸ್ ಕರೆದರೆ ಡಾಕ್ಟರ್ ಬರಲೇಬೇಕು, ಬಂದು ನೋಡಿದ ಮೇಲೆ ಏನೂ ಇಲ್ಲದಿದ್ದರೂ ಬೈಯಬಾರದು ಅಂತ ಒಂದು ಸರ್ಕ್ಯುಲರ್ ಸಾಕು.

ಇಷ್ಟೆಲ್ಲ ಮಾತಾಡಿದರೂ ವಾಸ್ತವ ಬೇರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಯಾಶುವಾಲ್ಟಿಗೆ ಕೈ ಕೂಡಿತು ಅನ್ನುವಷ್ಟರಲ್ಲಿ ರೊಟೇಷನ್ ಬಂದು ಹೆರಿಗೆ ವಾರ್ಡಿಗೋ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೋ ಹಾಕುತ್ತಾರೆ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟ್ ಕೈಗೆ ಬಂತೋ ಇಲ್ಲವೋ ಹುಡುಗಿಯರು ಗಲ್ಫ್, ಇಂಗ್ಲೆಂಡ್, ಐರ್ಲೆಂಡ್ ಅಂತ ಹೊರಟುಬಿಡುತ್ತಾರೆ. ಹೋಗಲಿ ಬಿಡಿ, ಇಲ್ಲಿ ಕೊಡುವ ಸಂಬಳಕ್ಕೆ ನಾನು ಯಾರನ್ನೂ ತಡೆಯಲ್ಲ. ಉಳಿದ ಸೀನಿಯರ್‌ಗಳನ್ನು ಇನ್‌ಚಾರ್ಜ್ ಮಾಡಿ ಇಂಡೆಂಟ್, ಸ್ಟಾಕ್, ಆಡಿಟ್ ಫೈಲುಗಳ ಮುಂದೆ ಕೂರಿಸುತ್ತಾರೆ. ಅತಿ ಹೆಚ್ಚು ಕಂಡ ಕಣ್ಣುಗಳು ಕೊನೆಗೆ ನೋಡುವುದು ಗ್ಲೌಸ್ ಬಾಕ್ಸ್‌ಗಳ ಲೆಕ್ಕ. ಟೇಬಲ್‌ನಲ್ಲಿ ಯಾರಿರುತ್ತಾರೆ ಅಂದರೆ, ಆ ದಿನ ಯಾರು ರಜೆ ಹಾಕಿಲ್ಲವೋ ಅವರು.

ಈಗ ನಾನಿರುವ ಕಡೆ ಒಂದು ಸಣ್ಣ ಬೇಡಿಕೆ ಇಟ್ಟಿದ್ದೇನೆ. ಟ್ರಯಾಜ್ ರಿಜಿಸ್ಟರ್‌ನಲ್ಲಿ ಕೊನೆಗೆ ಒಂದು ಕಾಲಂ, ‘24 ಗಂಟೆ ನಂತರ’ ಅಂತ. ಡಿಸ್ಚಾರ್ಜ್, ವಾರ್ಡ್, ಐಸಿಯು, ರೆಫರ್, ಡೆತ್, ಇಷ್ಟರಲ್ಲಿ ಒಂದು ಪದ ಬರೆದರೆ ಸಾಕು. ಬೆಳಗಿನ ಶಿಫ್ಟ್‌ನವರು ಹಿಂದಿನ ದಿನದ್ದನ್ನು ತುಂಬುವುದು, ತಿಂಗಳಿಗೊಮ್ಮೆ ಹಸಿರು ಕೊಟ್ಟೂ ಐಸಿಯುಗೆ ಹೋದವರ ಕೇಸ್ ಇಟ್ಟುಕೊಂಡು ಎಲ್ಲರೂ ಕೂತು ಮಾತಾಡುವುದು, ಮೆಮೋ ಇಲ್ಲದೆ. ಆಫೀಸಿನವರು ಹೇಳಿದ್ದು, ರಿಜಿಸ್ಟರ್ ಪ್ರಿಂಟ್ ಆಗಿ ಬಂದಿದೆ, ಕಾಲಂ ಸೇರಿಸಲು ಮುಂದಿನ ವರ್ಷ ನೋಡೋಣ ಅಂತ. ಹಾಗಾಗಿ ಸದ್ಯಕ್ಕೆ ‘ರಿಮಾರ್ಕ್ಸ್’ ಅನ್ನುವ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇವೆ. ಮೊದಲು ಶುರು ಮಾಡಿದವಳು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಅವಳೂ ವಿದೇಶಕ್ಕೆ ಹೋಗಲು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ಗೆ ಓದುತ್ತಿದ್ದಾಳೆ.